ಕಾಕಾರ ಕ್ರಾನಿಕ್ಕು

ಕ್ರಾನಿಕ್ ಎಂಬ ಶಬ್ದ ಗ್ರೀಕರಲ್ಲಿ ಹುಟ್ಟಿ, ಲ್ಯಾಟಿನ್ನಿಗೆ ದತ್ತು ಹೋಗಿ, ಇಂಗ್ಲಿಷಿನಲ್ಲಿ ಬಾಳುವೆ ಮಾಡಿ, ಎಪ್ಪತ್ತರ ದಶಕದಲ್ಲಿ ಗದಗಿನ ಬಸ್ಸು ಹತ್ತಿ ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂತು. ಕರೆತಂದವರು ನಮ್ಮ ಕಾಕಾ. ಅವರ ಹೊಟ್ಟೆನೋವು ಪರೀಕ್ಷಿಸಿದ ಗದಗಿನ ಡಾಕ್ಟರರು ಹಾಗೆಂದರಂತೆ. ಬಹುಕಾಲದ್ದು ಎಂದಷ್ಟೇ ಅದರ ಅರ್ಥವೆಂದು ಕಾಕಾಗೆ ಗೊತ್ತಿತ್ತು. ಆದರೆ ನಮ್ಮ ಮನೆತನವೂ ಬಹುಕಾಲದ್ದೇ ತಾನೆ, ಅದಕ್ಕಿರುವ ಮರ್ಯಾದೆ ಇದಕ್ಕೇಕಿಲ್ಲ ಎಂಬುದು ಅವರ ವಾದ. ಅಂದಿನಿಂದ ಖಾರ ನಿಷಿದ್ಧ. ಪಂಕ್ತಿಯಲ್ಲಿ ಮೊದಲ ತುಪ್ಪ ಅವರಿಗೇ. ಓಣಿಯವರ ಸಾದಾ ಹೊಟ್ಟೆನೋವುಗಳನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಅಕ್ಕನನ್ನು ನೋಡಲು ಮುಂಡರಗಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಅವಳ ಮನಸ್ಸಿಗೆ ಬಂದಿದ್ದಾನೆಂಬುದು ಚಹಾ ಕೊಟ್ಟು ಒಳಗೆ ಬಂದಾಗಲೇ ಮುಖದಲ್ಲಿ ಕಂಡಿತು. ಮಾತುಕತೆಗೆ ಮನೆಯ ಪರವಾಗಿ ಕಾಕಾ ಕುಳಿತಿದ್ದರು. ಅವ್ವ ಬಿಸಿ ಮಿರ್ಚಿ ಭಜಿ ಕಳಿಸಿದಳು. ಕಾಕಾ ಕೈ ಅಡ್ಡ ಹಿಡಿದರು.

"ನನಗ ಬ್ಯಾಡ. ಕ್ರಾನಿಕ್ ಐತಿ."

ಹುಡುಗನ ತಂದೆ ಅದೇ ಉದ್ದೇಶಕ್ಕೆ ಎತ್ತಿದ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ನನಗೂ ಕ್ರಾನಿಕ್ಕೇ ಐತ್ರಿ. ಹುಬ್ಬಳ್ಳಿ ಡಾಕ್ಟರ್ ಹೇಳಿದ್ದು."

"ನಂದು ಹತ್ತು ವರ್ಷದ್ದರಿ," ಎಂದರು ಕಾಕಾ.

"ಹತ್ತಾ? ಮೊನ್ನಿದಾತಲ್ರಿ ಅದು! ನಂದು ಈ ಹುಡುಗ ಹುಟ್ಟೂಕಿಂತ ಮೊದಲಿಂದು."

"ಬರೇ ವರ್ಷ ಎಣಿಸಿದ್ರ ಆತೇನ್ರಿ? ಜೋರು ಎಷ್ಟೈತಿ ನೋಡಬೇಕು."

"ಹಂಗಾದ್ರ ನಮ್ಮದು ಸುಳ್ಳೇನ್ರಿ?" ಎಂದು ಅವರು ಪಕ್ಕದಲ್ಲಿಟ್ಟಿದ್ದ ಕರೀ ಟೊಪ್ಪಿಗೆ ಎತ್ತಿಕೊಂಡರು.

ಹೆಣ್ಣಿನ ಕಡೆಯವರು ಎಲ್ಲದರಲ್ಲೂ ಒಂದು ಮೆಟ್ಟಿಲು ಕೆಳಗಿರಬೇಕು: ದನಿಯಲ್ಲಿ, ಕೂಡುವ ಜಾಗದಲ್ಲಿ, ನಗುವುದರಲ್ಲಿ ಕೂಡ. ರೋಗಕ್ಕೂ ಈ ಪದ್ಧತಿ ಅನ್ವಯಿಸುತ್ತದೆಂಬುದು ಕಾಕಾಗೆ ಹೊಳೆದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವನ ಬಳೆಗಳು ಜೋರಾಗಿ ಸದ್ದು ಮಾಡಿದವು. ಕಾಕಾ ತಿರುಗಿ ನೋಡಿದರು. ಅವ್ವನ ಹಿಂದೆ ನಿಂತಿದ್ದ ಅಕ್ಕ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ರಾಜ್ಯ ಬಿಟ್ಟುಕೊಡುವ ಅರಸನ ಹಾಗೆ ಕಾಕಾ ಗಂಟಲು ಸರಿಮಾಡಿಕೊಂಡರು.

"ಛೇ ಛೇ, ನಿಮ್ಮದರ ಮುಂದ ನಮ್ಮದೇನ್ರಿ! ನಂದು ಬರೇ ಹೊಟ್ಟಿನೋವು."

ಮಾತು ಸಾಲದೆನಿಸಿತೋ ಏನೋ, ತಾಟಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಿರ್ಚಿ ತೆಗೆದು, ತೊಟ್ಟಿನವರೆಗೆ ತಿಂದರು. ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಮನಿ ಮಗಳನ್ನ ಕೊಡೋದಂದ್ರ ಹಿಂಗ ನೋಡ್ರಿ," ಎಂದರು.

ಟೊಪ್ಪಿಗೆ ಕೆಳಗಿಳಿಯಿತು. "ಮುಹೂರ್ತ ನೋಡಸ್ರಿ," ಎಂದ ಬೀಗರು, ಸಂತೋಷ ಹೆಚ್ಚಾಗಿ ತಮ್ಮ ಪಾಲಿನ ಭಜಿಗಳನ್ನೂ ಕಾಕಾರ ತಾಟಿಗೆ ದಾಟಿಸಿದರು.

"ತಿನ್ರಿ, ತಿನ್ರಿ. ನಿಮಗೇನಾಗೇತಿ!"

ಬೀಗರ ಮಾತು ಮೀರುವಂತಿರಲಿಲ್ಲ.