ಮಖಮಲ್ಲಿನ ದಿಕ್ಕು

ಒಳ್ಳೆಯ ಕಾಲ ಬಂದಿತೆಂದು ಆ ಬೀದಿಯಲ್ಲಿ ಮೊದಲು ಸಾರಿದವನು ಕ್ಷೌರಿಕನು. ಅದಕ್ಕೆ ಅವನಿಗೆ ಪತ್ರಿಕೆ ಬೇಕಿರಲಿಲ್ಲ. ಊರಿನಲ್ಲಿ ಕೆಲಸವಿಲ್ಲದ ಎರಡು ವರ್ಷ ಗಂಡಸರು ಎರಡು ತಿಂಗಳಿಗೊಮ್ಮೆ ಬಂದು, ಆದಷ್ಟು ಚಿಕ್ಕದಾಗಿ ಹೊಡೆದುಬಿಡು ಎಂದು ತಲೆ ಒಪ್ಪಿಸಿ ಹೋಗುತ್ತಿದ್ದರು. ಈಗ ಹದಿನೈದು ದಿನಕ್ಕೇ ಬಂದು ಕನ್ನಡಿಯಲ್ಲಿ ಇಣುಕಿ, ಕಿವಿಯ ಪಕ್ಕ ಒಂದು ಕೂದಲು ಉದ್ದವಾಯಿತೆಂದು ತಕರಾರು ತೆಗೆಯುತ್ತಿದ್ದರು. ತಕರಾರು ಮಾಡುವ ಗಿರಾಕಿ ಕಂಡರೆ ದೇಶ ಉದ್ಧಾರವಾಯಿತೆಂದು ತಿಳಿಯಬೇಕು ಎಂಬುದು ಅವನ ಸಿದ್ಧಾಂತ.

ಎಲ್ಲರೂ ಅದನ್ನು ಒಪ್ಪುತ್ತಿರಲಿಲ್ಲ. ತನ್ನಲ್ಲಿಗೆ ಜನ ಬರುತ್ತಾರೆ, ಸೋಫಾದ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ, ಏನೂ ಕೊಳ್ಳದೆ ಎದ್ದು ಹೋಗುತ್ತಾರೆ, ಪತ್ರಿಕೆಯವರು ಹೇಳುವ ಸುಧಾರಣೆ ಇದೇ ಇರಬೇಕು ಎನ್ನುತ್ತಿದ್ದನು ಮೇಜು ಕುರ್ಚಿ ಮಾರುವ ಅಂಗಡಿಯವನು. ನಿವೃತ್ತ ಗುಮಾಸ್ತರೊಬ್ಬರು ಮಾತ್ರ, ಕುದುರೆಯೇರಿ ಹೋದ ಭಾಗ್ಯ ಬರುವಾಗ ಕುಂಟುತ್ತಲೇ ಬರುತ್ತದೆ, ಅವಸರ ಮಾಡಬೇಡಿರೆಂದು ಸಮಾಧಾನ ಹೇಳುತ್ತಿದ್ದರು.

ಕುತ್ತಿಗೆಗೆ ಬಿಳಿಬಟ್ಟೆ ಸುತ್ತಿಸಿಕೊಂಡು ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಕತ್ತರಿಯಣ್ಣನು ಇದಕ್ಕೆಲ್ಲ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವನ ಜೇಬಿನಲ್ಲಿ ಉಡುಪಿನ ಕಾರ್ಖಾನೆಯಿಂದ ಬಂದ ಕಾಗದವಿತ್ತು. ಸೋಮವಾರ ಕಾರ್ಖಾನೆ ಮತ್ತೆ ತೆರೆಯುತ್ತದೆ. ಸದ್ಯಕ್ಕೆ ಬಟ್ಟೆ ಕತ್ತರಿಸುವ ಮೇಜು ಒಂದೇ. ಹಳಬರೆಂದು ಮೊದಲ ಅವಕಾಶ ನಿಮಗೆ. ಒಂದು ದಿನದ ಕೆಲಸ ನೋಡಿ ಖಾಯಂ ಮಾಡುತ್ತೇವೆ. ಇಷ್ಟೇ ಅದರ ಸಾರಾಂಶ.

ಇಪ್ಪತ್ತಾರು ವರ್ಷ ಅವನು ಆ ಮೇಜಿನ ಯಜಮಾನನಾಗಿದ್ದನು. ಅದರಲ್ಲಿಯೂ ಮಖಮಲ್ಲಿನ ಕೋಟು ಬಂದರೆ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ರೋಮವಿರುತ್ತದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಒರಟು. ಒಂದು ಕೋಟಿನ ತುಂಡುಗಳೆಲ್ಲ ಒಂದೇ ದಿಕ್ಕಿಗೆ ರೋಮವಿರುವಂತೆ ಕತ್ತರಿಸದಿದ್ದರೆ, ಹೊಲಿದ ಮೇಲೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಮೋಸ ಹೋಗುವುದುಂಟು. ಆದುದರಿಂದ ಆ ಕೋಣೆಯಲ್ಲಿ ಮಖಮಲ್ಲನ್ನು ನೋಡಿ ಹಾಸುವ ಪದ್ಧತಿಯಿರಲಿಲ್ಲ, ಮುಟ್ಟಿ ಹಾಸಬೇಕು. ಕತ್ತರಿಯಣ್ಣನು ಕಣ್ಣು ಮುಚ್ಚಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ತಾಯಿಯಂತೆ ಬಟ್ಟೆಯ ಮೇಲೆ ಬೆರಳಿಟ್ಟು, ‘ಸರಿಯಿದೆ’ ಎನ್ನುವನು. ಅವನು ಸರಿಯಿದೆ ಎಂದ ಮೇಲೆ ಮತ್ತೊಬ್ಬರು ಪರೀಕ್ಷಿಸುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಸಿಕ್ಕಿದ್ದು ಬಾಟಲಿ ತೊಳೆಯುವ ಕೆಲಸ. ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನ ತೊಟ್ಟಿಯಲ್ಲಿ ದಿನವಿಡೀ ಕೈಯದ್ದಿರಬೇಕು. ರಬ್ಬರ್ ಗವಸು ಕೊಟ್ಟಿದ್ದರು. ಅದು ವಾರದಲ್ಲಿ ಹರಿಯುತ್ತಿತ್ತು, ಹೊಸದು ಬರಲು ತಿಂಗಳಾಗುತ್ತಿತ್ತು. ಮೊದಲು ಚರ್ಮ ಸುಲಿಯಿತು, ಆಮೇಲೆ ಬಿರಿಯಿತು, ಕೊನೆಗೆ ಗಟ್ಟಿಯಾಗಿ ನೋವೇ ನಿಂತಿತು. ನೋವು ಹೋಯಿತಲ್ಲ, ಅಷ್ಟೇ ಸಾಕೆಂದು ಅವನು ಸಂತೋಷಪಟ್ಟನು. ನೋವಿನ ಜೊತೆಗೆ ಹೋದದ್ದು ಮತ್ತೇನೆಂದು ಅವನಿಗೆ ತಿಳಿದದ್ದು ಕಾಗದ ಬಂದ ದಿನ.

ಅಂದು ಸಂಜೆ ಪಕ್ಕದ ಮನೆಯ ಬೆಕ್ಕು ಮೆಟ್ಟಿಲ ಮೇಲೆ ಮಲಗಿತ್ತು. ಹಳೆಯ ಅಭ್ಯಾಸದಂತೆ ಅವನು ಕಣ್ಣು ಮುಚ್ಚಿ ಅದರ ಬೆನ್ನು ಸವರಿದನು. ಬೆಚ್ಚಗಿದೆ ಎಂಬುದಷ್ಟೇ ಗೊತ್ತಾಯಿತು. ಇನ್ನೊಮ್ಮೆ ಸವರಿದನು, ಮತ್ತೊಮ್ಮೆ ಸವರಿದನು. ಬೆಕ್ಕು ಫಟ್ಟನೆ ಪರಚಿ ಓಡಿಹೋಯಿತು. ಎದುರು ಸವರಿದ್ದನ್ನು ಬೆಕ್ಕು ಹೇಳಬೇಕಾಯಿತು, ಬೆರಳು ಹೇಳಲಿಲ್ಲ.

ಇದನ್ನು ಅವನು ಯಾರೊಂದಿಗೂ ಆಡಲಿಲ್ಲ. ಆಡಲು ಜನರು ಬಿಡಲೂ ಇಲ್ಲ. ಕಾಗದದ ಸುದ್ದಿ ಮನೆಮನೆಗೆ ಮುಟ್ಟಿತ್ತು. ಕಾರ್ಖಾನೆ ತೆರೆಯುವುದೆಂದರೆ ಆ ಬೀದಿಗೆ ಪತ್ರಿಕೆಯ ಹತ್ತು ಪುಟಕ್ಕಿಂತ ದೊಡ್ಡ ಸಾಕ್ಷಿ. ಎಂದೂ ಮಾತಾಡಿಸದವರು ನಿಲ್ಲಿಸಿ, ನಮ್ಮ ಹುಡುಗಿಯ ಕೆಲಸಕ್ಕೂ ಒಂದು ಮಾತು ಹೇಳಿ ಎನ್ನುತ್ತಿದ್ದರು. ಕ್ಷೌರಿಕನು ಕತ್ತಿನ ಹಿಂದಿನ ಕೂದಲನ್ನು ಎರಡು ಸಲ ತಿದ್ದಿ, ಮದುಮಗನನ್ನು ಕಳಿಸಿಕೊಡುವ ಹಾಗೆ ಭುಜ ಕೊಡವಿ ಕಳಿಸಿದನು. ಹೆಂಡತಿ ಬಾಟಲಿ ಕೆಲಸದ ಅಂಗಿಯನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು. ಹಿಂದಕ್ಕೆ ಹೋಗುವ ದಾರಿಯನ್ನೇ ಅವಳು ನೀರಿನಲ್ಲಿ ಅದ್ದಿ ಹಿಂಡುತ್ತಿದ್ದಂತೆ ಕತ್ತರಿಯಣ್ಣನಿಗೆ ಕಂಡಿತು.

ಸೋಮವಾರ ಕಾರ್ಖಾನೆಯಲ್ಲಿ ಮೇಜಿನ ಧೂಳು ಒರೆಸಿ ಅವನಿಗಾಗಿ ಕಾದಿದ್ದವಳು ಮೇಲ್ವಿಚಾರಕಿ. ಹಿಂದೆ ಗುಂಡಿ ಹಾಕುವ ಕೆಲಸಕ್ಕೆ ಬಂದವಳು, ಇವನ ಕೈಕೆಳಗೇ ಬಟ್ಟೆಯ ಗುಣ ಕಲಿತವಳು. ಬೇರೆಯವರಿಗೆಲ್ಲ ಅವಳು ‘ಮೇಡಂ’. ಅವಳಿಗೆ ಇವನು ಇಂದಿಗೂ ‘ಅಣ್ಣ’. ಕಡುಹಸಿರು ಮಖಮಲ್ಲಿನ ಎರಡು ಥಾನುಗಳನ್ನು ಮೇಜಿಗೆ ತರಿಸಿದಳು. ಒಂದರಲ್ಲಿ ಕೋಟಿನ ಮೈಭಾಗ, ಇನ್ನೊಂದರಲ್ಲಿ ತೋಳುಗಳು ಬರಬೇಕು. ಮೊದಲನೆಯ ಥಾನಿನ ಅಂಚಿನಲ್ಲಿ ಗಿರಣಿಯವರೇ ರೋಮದ ದಿಕ್ಕು ತೋರಿಸುವ ಬಾಣದ ಗುರುತು ಹಾಕಿದ್ದರು. ಅದನ್ನು ನೋಡಿ ಹಾಸಿ ಕತ್ತರಿಸುವಾಗ ಅವನ ಕೈಯ ಕತ್ತರಿಯಂತ್ರ ಒಂದು ಎಳೆಯಷ್ಟೂ ಅತ್ತಿತ್ತ ಸರಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಲೀಕನು ಮೆಚ್ಚಿ ತಲೆದೂಗಿದನು.

ಎರಡನೆಯ ಥಾನು ಹಳೆಯ ದಾಸ್ತಾನು. ಯಾರೋ ಬಿಚ್ಚಿ ಮತ್ತೆ ಸುತ್ತಿಟ್ಟಿದ್ದರು. ಬಾಣವಿರಲಿಲ್ಲ. ಕತ್ತರಿಯಣ್ಣನು ಕಣ್ಣು ಮುಚ್ಚಿ ಬೆರಳಾಡಿಸಿದನು. ಕಲ್ಲು ಸವರಿದ ಹಾಗಾಯಿತು. ಮೇಜಿನ ಆಚೆಗೆ ಮೇಲ್ವಿಚಾರಕಿ ನಿಂತಿದ್ದಳು. ಒಂದು ಮಾತು, ಇಲ್ಲಿ ಕೈಯಿಟ್ಟು ನೋಡಮ್ಮ ಎಂಬ ಒಂದೇ ಮಾತು ಸಾಕಾಗಿತ್ತು. ಆದರೆ ಇಪ್ಪತ್ತಾರು ವರ್ಷ ಯಾರನ್ನೂ ಕೇಳದ ಬಾಯಿ ಅದು. ಬಾಗಿಲಲ್ಲಿ ಮಾಲೀಕನಿದ್ದನು, ಬೀದಿಯಲ್ಲಿ ಸುದ್ದಿಗಾಗಿ ಕಾದ ಜನರಿದ್ದರು.

“ಸರಿಯಿದೆ,” ಎಂದನು ಅವನು. ಹಿಂದಿನಂತೆಯೇ, ಯಾರೂ ಮತ್ತೆ ಪರೀಕ್ಷಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲ ಕೋಟು ಹೊಲಿಗೆಯಿಂದ ಬಂದಿತು. ಮೇಲ್ವಿಚಾರಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೈ ಕಡುಹಸಿರು, ತೋಳು ಬೂದಿ ಬಡಿದಂತೆ ಪೇಲವ. ಬೇರೆ ಯಾರದೋ ಕೋಟಿನಿಂದ ಕಿತ್ತು ತಂದು ಅಂಟಿಸಿದಂತಿತ್ತು. ಮೇಜಿನ ಮೇಲೆ ಹನ್ನೊಂದು ಜೊತೆ ತೋಳುಗಳು ಅದೇ ದಿಕ್ಕಿನಲ್ಲಿ ಕತ್ತರಿಸಿ ಬಿದ್ದಿದ್ದವು. ಮಾಲೀಕನು ಗದರಲಿಲ್ಲ. ವಯಸ್ಸಾಯಿತು ಪಾಪ ಎಂದು ಮೆಲ್ಲಗೆ ಹೇಳಿ ಹೊರಟುಹೋದನು. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

“ಕೈಯಾಡಿಸಿದ್ರಲ್ಲ ಅಣ್ಣ?” ಎಂದಳು ಮೇಲ್ವಿಚಾರಕಿ.

“ಆಡಿಸ್ದೆ.”

“ಮತ್ತೆ ಹೆಂಗಾಯ್ತು?”

ಅವನು ಎರಡು ಕೈಗಳನ್ನೂ ಅಂಗೈ ಮೇಲಾಗಿ ಮೇಜಿನ ಮೇಲಿಟ್ಟನು. ಬೆರಳ ತುದಿಗಳು ಗೆರೆಯಿಲ್ಲದೆ ಬಳಸಿ ಸವೆದ ಸಾಬೂನಿನಂತೆ ಹೊಳೆಯುತ್ತಿದ್ದವು. ಅವಳು ಒಂದು ಬೆರಳ ತುದಿಯನ್ನು ಮುಟ್ಟಿ ನೋಡಿದಳು.

“ಹೇಳಿದ್ರೆ ನಾನೇ ಮುಟ್ಟಿ ಹೇಳ್ತಿದ್ನಲ್ಲ. ದಿನಾ ಹೇಳ್ತಿದ್ದೆ. ಒಬ್ರಿಗೂ ಗೊತ್ತಾಗ್ತಿರ್ಲಿಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ಅಷ್ಟು ಸುಲಭವಾಗಿತ್ತು ಎಂಬುದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಮೇಜು ಬೇರೊಬ್ಬನಿಗೆ ಹೋಯಿತು. ಅವಳು ಮಾಲೀಕನ ಹತ್ತಿರ ಎರಡು ಸಲ ಹೋಗಿ ಬಂದು, ಪೆಟ್ಟಿಗೆ ಕಟ್ಟುವ ವಿಭಾಗದಲ್ಲಿ ಒಂದು ಜಾಗ ಉಳಿಸಿಕೊಟ್ಟಳು. ಕೂಲಿ ಅರ್ಧ.

ಮನೆಗೆ ಹೋದವನು ಚಪ್ಪಲಿ ಬಿಡುತ್ತಲೇ ಎಲ್ಲವನ್ನೂ ಹೆಂಡತಿಗೆ ಹೇಳಿದನು, ಬೆಕ್ಕಿನ ಸಂಗತಿಯನ್ನು ಕೂಡ. ಅವಳು ಒಲೆ ಆರಿಸಿ ಬಂದು ಎದುರಿಗೆ ಕೂತಳು.

“ನಂಗೆ ಗೊತ್ತಿತ್ತು ಕಣ್ರೀ,” ಎಂದಳು. “ಸುಡೋ ಪಾತ್ರೆ ಬರಿಗೈಲಿ ಇಳಿಸಿದ್ರಿ, ಹೋದ ವರ್ಷವೇ. ಮುಖದಲ್ಲಿ ಏನೂ ಇರ್ಲಿಲ್ಲ.”

“ಹೇಳ್ಬಾರ್ದಿತ್ತಾ?”

“ನೀವೇ ಹೇಳ್ತೀರಿ ಅಂತ ಕಾದೆ. ಆ ಕಾಗದ ಬಂದಾಗ, ಮೇಜಿನ ಹತ್ರ ಹೋದ್ರೆ ಕೈ ತಾನೇ ಸರಿಹೋಗುತ್ತೇನೋ ಅಂದ್ಕೊಂಡೆ. ಎಲ್ಲಾ ಸರಿಹೋಗ್ತಿದೆ ಅಂತ ಜನ ಅಂತಿದ್ರಲ್ಲ.”

ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು ಒಂದು ವಾರ ಒಂದೇ ಕೋಣೆಯಲ್ಲಿ ನಗುನಗುತ್ತಾ ಓಡಾಡಿದ್ದರು.

ಮರುದಿನ ಅವನು ಹಿಂಬಾಗಿಲಿನಿಂದ ಕಾರ್ಖಾನೆಯ ಒಳಗೆ ಹೋದನು. ಪೆಟ್ಟಿಗೆಗಳಿಗೆ ಅಂಟುಪಟ್ಟಿ ಸುತ್ತುವ ಕೆಲಸ. ಪಟ್ಟಿಯ ಸುರುಳಿಯಲ್ಲಿ ತುದಿ ಎಲ್ಲಿ ಅಂಟಿಕೊಂಡಿದೆಯೆಂದು ಉಗುರಿನಿಂದ, ಬೆರಳಿನಿಂದ ತಡವಿ ಹುಡುಕಬೇಕು. ಅವನು ಸುರುಳಿಯನ್ನು ಒಂದು ಸುತ್ತು ತಿರುಗಿಸಿದನು, ಎರಡು ಸುತ್ತು ತಿರುಗಿಸಿದನು. ಪಕ್ಕದಲ್ಲಿ ನಿನ್ನೆಯಷ್ಟೇ ಸೇರಿದ ಹೆಂಗಸೊಬ್ಬಳು, ಇವನು ಯಾರೆಂದೇ ಅರಿಯದವಳು, ತನ್ನ ಪಾಡಿಗೆ ಪೆಟ್ಟಿಗೆ ಮಡಿಸುತ್ತಿದ್ದಳು. ಅವನು ಸುರುಳಿಯನ್ನು ಅವಳ ಕಡೆಗೆ ಚಾಚಿದನು.

“ಇದರ ತುದಿ ಒಂಚೂರು ಹುಡುಕಿಕೊಡಮ್ಮ,” ಎಂದನು. “ನನ್ನ ಬೆರಳಿಗೆ ಗೊತ್ತಾಗಲ್ಲ.”