ತೊಂಬತ್ತು ಚೀಲ, ಮೂರು ಚೀಟಿ

ಎಂಟು ವರ್ಷ ಲಾರಿಯ ಗಾಜು ಒರೆಸಿ, ಟೈರಿಗೆ ಕಲ್ಲು ಕೊಟ್ಟು, ಕಡೆಗೊಂದು ದಿನ ನಾನು ಸ್ಟೇರಿಂಗ್ ಹಿಂದೆ ಕೂತೆ. ಎಂಬತ್ತರ ದಶಕದ ಮಾತು. ಭಾರಿ ವಾಹನದ ಲೈಸೆನ್ಸ್ ಕೈಗೆ ಬಂದ ದಿನ ನನ್ನ ಹೆಂಡತಿ ಓಣಿಗೆಲ್ಲ ಪೇಡೆ ಹಂಚಿಬಿಟ್ಟಳು. ಕೆಲಸ ಇನ್ನೂ ಪಕ್ಕಾ ಆಗಿಲ್ಲ, ಸ್ವಲ್ಪ ತಡೆ ಅಂದರೂ ಕೇಳಲಿಲ್ಲ.

ಲಾರಿಯ ಧಣಿ ಜೇವರ್ಗಿ ಊರಿನವರು. ಹೊಲಮನೆ ಸಾಕಷ್ಟಿದ್ದರೂ ಅವರ ಜೀವವೆಲ್ಲ ಆ ಒಂದು ಲಾರಿಯ ಮೇಲೆ. ಹಿಂದಿನ ಡ್ರೈವರ್ ಉಳ್ಳಾಗಡ್ಡಿಯನ್ನು ಮುಗಿಲೆತ್ತರ ಹೇರಿಕೊಂಡು ಹೋಗಿ ಆಕ್ಸಲ್ ಮುರಿದು, ಮೂರು ದಿನ ಗಾಡಿಯನ್ನು ದಾರಿಯಲ್ಲೇ ನಿಲ್ಲಿಸಿದ್ದ. ಆ ಸಿಟ್ಟು ಇನ್ನೂ ಆರಿರಲಿಲ್ಲ. ಚಾವಿಯನ್ನು ನನ್ನ ಕೈಯಲ್ಲಿಡುವ ಮೊದಲು ಅವರು ನನ್ನನ್ನು ಲಾರಿಯ ಬಾಗಿಲ ಬಳಿ ಕರೆದುಕೊಂಡು ಹೋಗಿ, ಅಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದ ಖಾಲಿ ತೂಕ, ತುಂಬಿದ ತೂಕ ಎರಡನ್ನೂ ಓದಿಸಿದರು. ಒಂದರಲ್ಲಿ ಒಂದು ಕಳೆದರೆ ಒಂಬತ್ತು ಟನ್ನು.

"ಪ್ರತಿ ಲೋಡಿಗೂ ಆಳಂದದಾಗ ಕಾಟಾದ ಮ್ಯಾಲ ಗಾಡಿ ತೂಗಿಸಿ ಚೀಟಿ ತರಬೇಕು. ಒಂಬತ್ತು ಟನ್ನಿನ ಮ್ಯಾಲ ಒಂದ ಚೀಲ ಹೆಚ್ಚಾತು ಅಂದ್ರ ಚಾವಿ ಇಲ್ಲಿಟ್ಟು ಹೋಗು. ನಾ ಎರಡನೇ ಸಲ ಹೇಳಾಂವಲ್ಲ," ಅಂದರು.

"ಹೌದ್ರಿ ಧಣಿ," ಅಂದೆ. ಚಾವಿ ಹೋದರೆ ಮತ್ತೆ ಗಾಜು ಒರೆಸುವ ಕೆಲಸ. ಹಂಚಿದ ಪೇಡೆ ವಾಪಸು ಕೇಳಲು ಬರುವುದಿಲ್ಲವಲ್ಲ.

ಮೊದಲ ಲೋಡು ಮಣ್ಣೂರಿನ ಬಿಳಿಜೋಳ, ಖಜೂರಿ ದಾಟಿ ಮಹಾರಾಷ್ಟ್ರದ ಒಂದು ಪೇಟೆಗೆ. ಜೋಳದ ಮಾಲೀಕ ಒಬ್ಬ ಮುತ್ಯಾ. ಎಪ್ಪತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಲಿಂಗ, ತಲೆಯ ಮೇಲೆ ಮೈಯಷ್ಟೇ ದೊಡ್ಡ ರುಮಾಲು. ಪೇಟೆಯ ವ್ಯಾಪಾರಿಗೆ ತೊಂಬತ್ತು ಚೀಲ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಚೀಲಕ್ಕೆ ಒಂದು ಕ್ವಿಂಟಲ್, ತೊಂಬತ್ತು ಚೀಲಕ್ಕೆ ಸರಿಯಾಗಿ ಒಂಬತ್ತು ಟನ್ನು. ನನ್ನ ಲೆಕ್ಕಕ್ಕೂ ಅವರ ಮಾತಿಗೂ ಇಷ್ಟು ಹೊಂದಾಣಿಕೆ ಕಂಡು ನನಗೆ ಒಳಗೊಳಗೇ ಖುಷಿಯಾಯಿತು.

ಚೀಲ ಹೇರುವಾಗ ನಾನು ಹಿಂದಿನ ಹಲಗೆಯ ಪಕ್ಕ ನಿಂತು ಬೆರಳು ಮಡಚಿ ಎಣಿಸಿದೆ. ಹಮಾಲರು ನಡುವೆ ತಮಾಷೆಗೆ ಲೆಕ್ಕ ತಪ್ಪಿಸಲು ನೋಡಿದರು, ನಾನು ಬಗ್ಗಲಿಲ್ಲ. ಪಕ್ಕದ ಮನೆಯವರು ತಮ್ಮದೂ ಐದು ಚೀಲ ಇದೆ, ಒಯ್ಯಿ ಅಂದರು. ಆಗುವುದಿಲ್ಲ ಅಂದೆ. ಆಳಂದಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ಚೀಲದ ಮೇಲೆ ಕೂತು ಬರುತ್ತೇವೆ ಅಂದರು. ಅವರಿಗೂ ಇಲ್ಲ ಅಂದೆ. ಆ ಕಾಲದಲ್ಲಿ ನಮ್ಮ ಕಡೆ ಲಾರಿಯ ಡ್ರೈವರ್ ಹೆಂಗಸರನ್ನು ದಾರಿಯಲ್ಲಿ ಬಿಟ್ಟು ಹೋದನೆಂದರೆ ಅವನ ಮನೆತನವನ್ನೇ ವಿಚಾರಿಸುತ್ತಿದ್ದರು.

"ಏನ್ ಬೇ, ಈ ಹೊಸಾ ಡ್ರೈವರ್ ತಕ್ಕಡಿ ನುಂಗಿ ಬಂದಾನ ಕಾಣ್ತದ," ಅಂದಳು ಒಬ್ಬಳು ಇನ್ನೊಬ್ಬಳಿಗೆ, ನನಗೆ ಕೇಳಲೆಂದೇ.

ನನಗೆ ಸಿಟ್ಟು ಬೇಗ ಬರುತ್ತದೆ. ಆದರೆ ಅವತ್ತು ಬಂದದ್ದು ಹೆಮ್ಮೆ. ಮುತ್ಯಾರನ್ನು ನಡುವೆ ಕೂರಿಸಿಕೊಂಡು, ಆಚೆ ತುದಿಯಲ್ಲಿ ಕ್ಲೀನರ್‌ನನ್ನು ಕೂರಿಸಿ, ಅಫಜಲಪುರದ ದಾರಿ ಹಿಡಿದೆ. ಕ್ಲೀನರ್ ನನಗಿಂತ ಹತ್ತು ವರ್ಷ ದೊಡ್ಡವನು. ಡ್ರೈವಿಂಗ್ ಕಲಿಯುವ ಆಸೆ ಅವನಿಗೆ ಯಾವತ್ತೂ ಇರಲಿಲ್ಲ. ಕಲಿತರೆ ನಿದ್ದೆ ಕೆಡುತ್ತದೆ ಅನ್ನುವುದು ಅವನ ವಾದ. ಅಫಜಲಪುರ ದಾಟುವ ಹೊತ್ತಿಗೆ ಬಾಗಿಲಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದ.

ಆಳಂದದ ಕಾಟಾದ ಮೇಲೆ ಗಾಡಿ ಹತ್ತಿಸಿ, ಎದೆಯುಬ್ಬಿಸಿ ಕೂತಿದ್ದೆ. ಕಾಟಾದವನು ಕಿಟಕಿಯಿಂದ ಚೀಟಿ ಚಾಚಿದ. ಓದಿದೆ, ಮತ್ತೆ ಓದಿದೆ. ಆರು ಕ್ವಿಂಟಲಿಗೂ ಮೇಲೆ ಹೆಚ್ಚಾಗಿತ್ತು.

"ನಿನ್ನ ಕಾಟಾ ಕೆಟ್ಟದ," ಅಂದೆ.

"ಕಾಟಾ ನಿನ್ನೀನೇ ತಪಾಸಣಿ ಆಗ್ಯಾದ. ನೀ ಏನ್ ಹೇರೀದಿ ಅದನ್ನ ನೋಡಕೊ," ಅಂದ ಅವನು, ಚಹಾ ಊದುತ್ತ.

ಎಲ್ಲರನ್ನೂ ಕೆಳಗಿಳಿಸಿದೆ. ಕ್ಲೀನರ್‌ನನ್ನು ಎಬ್ಬಿಸಿ ಇಳಿಸಿದೆ, ಮುತ್ಯಾರಿಗೆ ಕೈಕೊಟ್ಟು ಇಳಿಸಿದೆ, ನಾನೂ ಇಳಿದೆ. ಆದರೂ ನಾಲ್ಕೂವರೆ ಕ್ವಿಂಟಲ್ ಹೆಚ್ಚು. ನೀರಿನ ಕೊಡ ಇಳಿಸಿದೆ. ಜಾಕ್ ಇಳಿಸಿದೆ. ಹಾಸಿಗೆಯ ಸುರುಳಿ ಇಳಿಸುವಾಗ ಕಾಟಾದವನಿಗೆ ನಗು ತಡೆಯಲಾಗಲಿಲ್ಲ. ಹಗ್ಗ ಸಡಿಲಿಸಿ ಮೇಲೆ ಹತ್ತಿ ಚೀಲಗಳನ್ನು ಇನ್ನೊಮ್ಮೆ ಎಣಿಸಿದೆ. ತೊಂಬತ್ತಕ್ಕೆ ತೊಂಬತ್ತು. ಮೊದಲನೇ ಲೋಡಿಗೇ ಚಾವಿ ಹೋಯಿತು ಅಂದುಕೊಂಡೆ.

ಮುತ್ಯಾ ನೆರಳಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನಾನು ಕೆಳಗಿಳಿದ ಮೇಲೆ ಸಮಾಧಾನವಾಗಿ ಕೇಳಿದರು:

"ತಮ್ಮಾ, ಮ್ಯಾಲಿನ ಎರಡ ಸೇರು ಲೆಕ್ಕಕ್ಕ ಹಿಡದಿ?"

"ಯಾವ ಎರಡ ಸೇರ್ರಿ?"

"ಚೀಲ ತೂಗಿದ ಮ್ಯಾಲ ಎರಡ ಸೇರು ಮ್ಯಾಲ ಹಾಕೇ ಬಾಯಿ ಹೊಲೀತೇವಿ. ನಮ್ಮಪ್ಪನ ಕಾಲದಿಂದ ಅದ. ಹಾಕಲಿಲ್ಲಂದ್ರ ದಬ್ಬಣ ಹಿಡ್ಯಾಕ ಕೈ ಬರೂದಿಲ್ಲ. ಮಣ್ಣೂರಿನ ಚೀಲ ಕಡಿಮಿ ಬಿತ್ತು ಅಂತ ಯಾರೂ ಅನಬಾರದು ನೋಡು."

ನಮ್ಮ ಕಡೆಯ ಅಳತೆಯಲ್ಲಿ ಎರಡು ಸೇರು ಜೋಳ ಅಂದರೆ ಹತ್ತಿರ ಹತ್ತಿರ ನಾಲ್ಕು ಕಿಲೊ. ಚೀಲದ ತೂಕ ಒಂದು ಕಿಲೊ. ಐದರಂತೆ ತೊಂಬತ್ತು ಚೀಲಕ್ಕೆ ನಾಲ್ಕೂವರೆ ಕ್ವಿಂಟಲ್. ಕಾಟಾ ಸರಿಯಾಗಿಯೇ ಇತ್ತು. ನಾನು ಚೀಲ ಎಣಿಸಿದ್ದೆ, ಮನುಷ್ಯರ ಕೈ ಎಣಿಸಿರಲಿಲ್ಲ. ನಾನೂ ಇದೇ ಸೀಮೆಯಲ್ಲಿ ಹುಟ್ಟಿದವನು, ನಮ್ಮ ಮನೆಯಲ್ಲೂ ಹೀಗೇ ಹಾಕುತ್ತಿದ್ದರು. ಅದು ನನಗೆ ಹೊಳೆಯದೇ ಹೋಯಿತಲ್ಲ ಎಂದು ನನ್ನ ಮೇಲೇ ರೇಗಿತು.

"ಇಷ್ಟಕ್ಕ ಯಾರೇನ್ ಅಂತಾರ? ಎಲ್ಲರೂ ಹೋಗ್ತಾರ, ನೀನೂ ಹೋಗು," ಅಂದ ಕಾಟಾದವನು. ಕ್ಲೀನರ್ ಕೂಡ ತಲೆಯಾಡಿಸಿದ. ಇಳಿಸುವುದಾದರೆ ಇಳಿಸಬೇಕಾದವನು ಅವನೇ ತಾನೆ.

ನಾನು ಚೀಲ ಇಳಿಸಲು ಹಚ್ಚಿದೆ. ಒಂದೊಂದು ಇಳಿಸಿದಾಗಲೂ ಮುತ್ಯಾರ ಮುಖ ಒಂದಷ್ಟು ಇಳಿಯಿತು. ಆರನೆಯದು ಇಳಿದ ಮೇಲೆ ಅವರೂ ನಾನೂ ಹತ್ತಿ ಕೂತು ತೂಗಿಸಿ ಎರಡನೇ ಚೀಟಿ ಬರೆಸಿದರೆ, ಒಂಬತ್ತು ಟನ್ನಿಗೆ ಎಪ್ಪತ್ತು ಕಿಲೊ ಕಡಿಮೆ. ಕ್ಲೀನರ್ ಎಂಬತ್ತು ಕಿಲೊಗೆ ಕಡಿಮೆಯಿಲ್ಲದ ಆಸಾಮಿ. ನೀನು ಇಲ್ಲೇ ಚೀಲ ಕಾಯಿ ಅಂದೆ. ಅವನು ಎರಡು ಮಾತಾಡದೆ ಆರೂ ಚೀಲಗಳನ್ನು ಸಾಲಾಗಿ ಹಾಸಿ, ಮೇಲೆ ಮಲಗಿಯೇಬಿಟ್ಟ.

ಗಾಡಿ ಹೊರಟಿತು. ಮುತ್ಯಾ ಕತ್ತು ಹೊರಳಿಸಿ ಹಿಂದುಳಿದ ಚೀಲಗಳನ್ನೇ ನೋಡುತ್ತಿದ್ದರು. ಆಮೇಲೆ, "ತೊಂಬತ್ತ ಅಂತ ಮಾತ ಕೊಟ್ಟೇನಿ. ಎಂಬತ್ನಾಕ ತಗೊಂಡು ಹ್ಯಾಂಗ ಮಾರಿ ತೋರಿಸ್ಲಿ?" ಅಂದರು.

"ಇವತ್ತೇ ಆರೂ ಮುಟ್ಟಸ್ತೇನ್ರಿ," ಅಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ಡೀಸೆಲ್ಲಿನ ನೆನಪಾಯಿತು. ಆದರೆ ಆ ಮುಖ ನೋಡಿದ ಮೇಲೆ ಹಿಂದೆಗೆಯಲು ನಾಚಿಕೆಯಾಯಿತು.

ಖಜೂರಿಯ ಚೆಕ್‌ಪೋಸ್ಟಿನಲ್ಲಿ ಸಾಹೇಬರು ಚೀಟಿ ನೋಡಿ, ಟೈರು ನೋಡಿ, ಬಿಟ್ಟರು. ಪೇಟೆಯಲ್ಲಿ ಎಂಬತ್ತನಾಲ್ಕು ಚೀಲ ಇಳಿಸಿ, ಮುತ್ಯಾರನ್ನು ವ್ಯಾಪಾರಿಯ ಅಂಗಡಿಯಲ್ಲಿ ಕೂರಿಸಿ, ಆಳಂದಕ್ಕೆ ವಾಪಸು ಬಂದೆ. ಕ್ಲೀನರ್ ಮಗ್ಗುಲು ಬದಲಿಸಿದ್ದ, ಅಷ್ಟೆ. ಆರು ಚೀಲ ಹೇರಿ ಮತ್ತೆ ಕಾಟಾ ಹತ್ತಿಸಿದೆ. ಪ್ರತಿ ಲೋಡಿಗೂ ಚೀಟಿ ಅಂದಿದ್ದರಲ್ಲ ಧಣಿ.

"ಆರ ಚೀಲಕ್ಕೂ ಚೀಟಿ ಬೇಕೇನಪಾ?" ಅಂದ ಕಾಟಾದವನು.

"ಬರಿ ನೀ ಸುಮ್ಮ," ಅಂದೆ.

ಅಷ್ಟು ದೊಡ್ಡ ಲಾರಿಯಲ್ಲಿ ಆರು ಚೀಲ ಬೀಗರ ಮನೆಗೆ ಹೊರಟವರ ಹಾಗೆ ಕುಲುಕಾಡುತ್ತ ಬಂದವು. ಖಜೂರಿಯಲ್ಲಿ ಬೆಳಗಿನ ಸಾಹೇಬರೇ ಇದ್ದರು. ಹಿಂದೆ ಹೋಗಿ ಇಣುಕಿ, ಮುಂದೆ ಬಂದು ನನ್ನ ಮುಖ ನೋಡಿ, "ಇಷ್ಟ ಏನು?" ಅಂದರು. "ಇಷ್ಟ ರಿ ಸಾಹೇಬ್ರ," ಅಂದೆ. ಗೇಟು ಎತ್ತುವವರೆಗೂ ಅವರು ನಗುತ್ತಲೇ ಇದ್ದರು.

ಆರು ಚೀಲ ಒಳಗೆ ಹೋದಾಗ ಮುತ್ಯಾ ಎದ್ದು ನಿಂತು ರುಮಾಲು ಸರಿಮಾಡಿಕೊಂಡರು. ಸಂಜೆ ಅವರನ್ನು ಮಣ್ಣೂರಿಗೆ ಬಿಟ್ಟು ನಾವೂ ಅಲ್ಲೇ ಉಳಿದೆವು. ಬೆಳಿಗ್ಗೆ ಹೊರಡುವಾಗ ಅವರು ಒಂದು ಜೋಳದ ಗಂಟು ತಂದು ಸೀಟಿನ ಮೇಲಿಟ್ಟು, "ಖಾಲಿ ಗಾಡಿ ಅದಲ್ಲ, ಇದಕ್ಕೇನೂ ಅನಬ್ಯಾಡ," ಅಂದರು. ಕೈಯಲ್ಲಿ ಎತ್ತಿ ನೋಡಿದೆ. ಎರಡು ಸೇರು, ಅದರ ಮೇಲೂ ಒಂದಿಷ್ಟು.

ಜೇವರ್ಗಿಯ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಜೇಬಿನಲ್ಲಿ ಮೂರು ಚೀಟಿ ಇದ್ದವು. ಮೊದಲನೆಯದನ್ನು ಕಿಟಕಿಯಿಂದ ಹಾರಿಸಿಬಿಟ್ಟರೆ ಮುಗಿಯಿತು, ಕ್ಲೀನರ್ ಹೇಗೂ ನಿದ್ದೆಯಲ್ಲಿದ್ದ. ಎರಡು ಸಲ ಕೈ ಜೇಬಿಗೆ ಹೋಗಿ ವಾಪಸು ಬಂತು.

ಧಣಿ ಕಟ್ಟೆಯ ಮೇಲೆ ಕೂತಿದ್ದರು. ಒಂದು ದಿನ ತಡವಾದದ್ದಕ್ಕೆ ಮುಖ ಬಿಗಿದಿತ್ತು. ಮೂರೂ ಚೀಟಿ ಮುಂದಿಟ್ಟೆ, ಚಾವಿಯನ್ನೂ ಇಟ್ಟೆ. ನಡೆದದ್ದನ್ನೆಲ್ಲ ಹೇಳಿದೆ, ಎರಡು ಸಲ ಹೋಗಿ ಸುಟ್ಟ ಡೀಸೆಲ್ಲನ್ನೂ ಬಿಡದೆ. ಅವರು ಮೊದಲನೇ ಚೀಟಿ ಎತ್ತಿ ಹಿಡಿದರು.

"ಇದನ್ನ ಹರದು ಒಗೀಬೇಕಿತ್ತಲ್ಲ. ನನಗೇನ್ ಗೊತ್ತಾಗ್ತಿತ್ತು?"

"ಗಾಡಿ ನಿಮ್ದರಿ ಧಣಿ. ಅದರ ಬೆನ್ನ ಮ್ಯಾಲ ಏನ ಬಿದ್ದಿತ್ತಂತ ನಿಮಗ ಗೊತ್ತಿರಬೇಕಲ್ರಿ."

ಅವರು ಚಾವಿ ಎತ್ತಿಕೊಂಡು ಗೋಡೆಯ ಮೊಳೆಗೆ ನೇತು ಹಾಕಿದರು. ಜೋಳದ ಗಂಟು ಎತ್ತಿಕೊಂಡು ತಿರುಗಿದೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದನಿ ಬಂತು:

"ಹೆಚ್ಚಾದ್ರ ಚಾವಿ ಇಲ್ಲಿಡು ಅಂದಿದ್ದೆ, ಇಟ್ಟಿ. ನನ್ನ ಮಾತ ಉಳೀತು. ನಾಳೆ ಮುಂಜಾನಿ ಆರಕ್ಕ ಬಂದು ತಗೊಂಡು ಹೋಗು, ಅತನೂರಾಗ ತೊಗರಿ ಹೇರೂದದ. ಚೀಲ ಎಣಸಬ್ಯಾಡ, ಒಂದ ಚೀಲ ಎತ್ತಿ ತೂಗಿ ನೋಡು."

ಮನೆಯಲ್ಲಿ ಹೆಂಡತಿ ನನ್ನ ಸೊಂಟದಲ್ಲಿ ಚಾವಿ ಕಾಣದೆ, ಎಲ್ಲಿ ಎಂದು ಕೇಳಿದಳು. ಮೊಳೆಯಲ್ಲಿದೆ ಅಂದೆ. ಅವಳು ನಂಬಿದಳೋ ಇಲ್ಲವೋ, ಮುತ್ಯಾರ ಜೋಳ ಬೀಸಿ ರೊಟ್ಟಿ ಬಡಿದಳು. ಮರುದಿನ ಐದು ಗಂಟೆಗೇ ಹೋಗಿ ಧಣಿಯ ಮನೆಯ ಬಾಗಿಲಲ್ಲಿ ನಿಂತೆ. ಅವರು ಆಗಲೇ ಎದ್ದು ಲಾರಿಯ ಪಕ್ಕದಲ್ಲಿದ್ದರು. ಗಾಜು ಒರೆಸಿಟ್ಟಿದ್ದರು, ಚಾವಿ ಅವರ ಕೈಯಲ್ಲಿತ್ತು.