ಗಸಗಸೆ ಮಾಲೆಯ ಡಕೋಟಾ

ಗುರುಮಲ್ಲಪ್ಪನವರು ಕಣ್ಣಿಗೆ ಬಿದ್ದದ್ದನ್ನೆಲ್ಲ ನಲವತ್ತೆಂಟರಿಂದ ಭಾಗಿಸಿ ನೋಡುತ್ತಿದ್ದರು. ನನ್ನನ್ನು ಮೊದಲ ಸಲ ಮೇಲಿಂದ ಕೆಳಗೆ ಅಳೆದವರೇ, "ನೀನು ಒಂದೂವರೆ ಇಂಚಿಗೂ ಕಮ್ಮಿ ಕಣ್ಲಾ" ಎಂದಿದ್ದರು. ಐದೂವರೆ ಅಡಿಯ ನಾನು, ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ನನ್ನದೇ ಮೆಡಿಕಲ್ ಸ್ಟೋರಿನಲ್ಲಿ ನಿಂತು ಇಂಥ ಮಾತು ಕೇಳಿಸಿಕೊಂಡದ್ದು ಅದೇ ಮೊದಲು. ರಸ್ತೆಯಲ್ಲಿ ಊಟಿ ಬಸ್ಸು ಹೋದರೆ ಅವರಿಗೆ ಅದು ಗೇಣುದ್ದ. ಮದುವೆ ಮನೆಯಲ್ಲಿ ಪಾಯಸ ಬಡಿಸಿದರೆ ಶಾವಿಗೆಯ ಒಂದೆಳೆ ಎತ್ತಿ ಹಿಡಿದು, "ಪೆಟ್ರೋಲ್ ಪೈಪು ಕರೆಕ್ಟಾಗಿ ಇಷ್ಟೇ ದಪ್ಪ" ಎಂದು ಪಕ್ಕದ ಎಲೆಯವರಿಗೆ ತೋರಿಸುತ್ತಿದ್ದರು. ಪಕ್ಕದವರು ಯಾಕೋ ಸ್ವಲ್ಪ ಸರಿದು ಕೂರುತ್ತಿದ್ದರು.

ಅಂದು ಅವರು ನನ್ನ ಅಂಗಡಿಗೆ ಬಂದದ್ದು ಸೂಜಿಗಾಗಿ. "ಇರೋದ್ರಲ್ಲೆಲ್ಲ ಸಣ್ಣ ಸೂಜಿ ಕೊಡು" ಎಂದರು. ಯಾರಿಗೆ, ಏನು ಕಾಯಿಲೆ, ಡಾಕ್ಟರ ಚೀಟಿ ಎಲ್ಲಿ ಎಂದು ನಾನು ಪೊಲೀಸನ ಗತ್ತಿನಲ್ಲಿ ವಿಚಾರಿಸಿದೆ. ಬಿಳಿ ಮೀಸೆಯ, ಹಣೆಯ ತುಂಬ ವಿಭೂತಿ ಬಳಿದ ಎಪ್ಪತ್ತು ದಾಟಿದ ಮನುಷ್ಯ ಇಂಥ ಚಟಕ್ಕೆ ಬಿದ್ದಿರಬಹುದೇ ಎಂಬ ಅನುಮಾನವೂ ಬಂತು.

"ಮನುಷ್ಯರ್ಗಲ್ಲ ಕಣಪ್ಪ, ಇಮಾನಕ್ಕೆ" ಎಂದರು ಅವರು, ಎಮ್ಮೆಗೆ ಎನ್ನುವಷ್ಟು ಸಹಜವಾಗಿ.

ನಂಬದ ನನ್ನನ್ನು ಅಂಗಡಿಗೆ ಬಾಗಿಲು ಹಾಕಿಸಿ ಮನೆಗೆ ಕರೆದುಕೊಂಡು ಹೋದರು. ನಡುಮನೆಯ ಮೇಜಿನ ಮೇಲೆ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡಡಿ ಬರುವ ವಿಮಾನವೊಂದು ಅರ್ಧ ಕಟ್ಟಿ ನಿಂತಿತ್ತು. ಅದು ಡಕೋಟಾ, ಎರಡು ಎಂಜಿನ್ನಿನ ಹಳೆಯ ಸರಕು ವಿಮಾನ. ನಿಜವಾದದ್ದರ ನಲವತ್ತೆಂಟರಲ್ಲಿ ಒಂದು ಪಾಲು. ಗಾಳಿಯ ವೇಗ ಅಳೆಯಲು ಅದರ ಮೂತಿಯ ಕೆಳಗೆ ಒಂದು ಸಣ್ಣ ಕೊಳವೆ ಇರುತ್ತದಂತೆ. ನನ್ನ ಇನ್ಸುಲಿನ್ ಸೂಜಿ ಆ ಕೊಳವೆಯಾಯಿತು. ಅಂಟಿಸಿದ ಮೇಲೆ ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಸೂಜಿಯ ತುದಿಯಲ್ಲಿ ತೂತು ಕಂಡಿತು. "ನೋಡ್ದಾ? ಗಾಳಿ ಒಳಕ್ಕೋಗಕ್ಕೆ ದಾರಿ ಅದೆ" ಎಂದು ಎದೆಯುಬ್ಬಿಸಿ ನಿಂತರು. ಆ ಹೊತ್ತಿಗೆ ನಾನು ಅವರ ವಶವಾಗಿ ಹೋಗಿದ್ದೆ.

ಗುರುಮಲ್ಲಪ್ಪನವರು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬಂದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನಡೆಸಿದರು. ಅದನ್ನೂ ಬಿಟ್ಟ ಮೇಲೆ, ಮೈಸೂರಿನಲ್ಲಿದ್ದ ಮಗಳು ಹುಟ್ಟುಹಬ್ಬಕ್ಕೆಂದು ಈ ಕಿಟ್ ತಂದುಕೊಟ್ಟಳು. ಪೆಟ್ಟಿಗೆಯಲ್ಲಿ ಬಂದ ತುಂಡುಗಳನ್ನು ಅಂಟಿಸಿದರೆ ಬೇರೆಯವರಿಗೆ ವಿಮಾನ ಮುಗಿಯುತ್ತದೆ. ಇವರಿಗೆ ಕೆಲಸ ಅಲ್ಲಿಂದ ಶುರು. "ಪೆಟ್ಗೇಲಿ ಬಂದಿರದು ಬರೀ ಮೈ ಕಣ್ಲಾ. ನರ ನಾವು ಎಳೀಬೇಕು" ಎನ್ನುತ್ತಿದ್ದರು. ವೈಂಡಿಂಗ್ ಅಂಗಡಿಯಲ್ಲಿ ಉಳಿದ ತಾಮ್ರದ ತಂತಿ ಎಂಜಿನ್ನಿನ ಸುತ್ತ ವಯರಾಯಿತು. ನಾನು ಕೊಟ್ಟ ಮಾತ್ರೆಗಳ ಹಾಳೆಯ ಹಿಂಬದಿ ಸೀಟಿನ ಬೆಲ್ಟಾಯಿತು. ಬೆಲ್ಟಿಗೆ ಬಕಲ್, ಬಕಲ್ಲಿಗೆ ಮುಳ್ಳು. ಚಕ್ರದ ಮೇಲಿನ ಗೂಡಿನಲ್ಲಿ ಬ್ರೇಕಿನ ಪೈಪುಗಳು, ಅವನ್ನು ಬಿಗಿದ ಪಟ್ಟಿಗಳು. ಇಷ್ಟೆಲ್ಲ ಮಾಡಿ ಅರ್ಧ ಪಾಲನ್ನು ಮುಚ್ಚಳ ಹಾಕಿ ಮುಚ್ಚಿಬಿಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಲ್ಲ ಸಾರ್, ಮುಚ್ಚಿದ ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ?" ಎಂದೆ.

"ನೀನು ಅಂಗಿ ಒಳಗೆ ಬನಿಯನ್ ಆಕಂಡಿದ್ದೀಯಾ?"

"ಹಾಕಿದ್ದೀನಿ."

"ಯಾರ್ ನೋಡ್ಲಿ ಅಂತ ಆಕಂಡೆ?"

ಅವರ ಹೆಂಡತಿ ಮಂಗಳಮ್ಮ ಕಾಫಿ ತಂದಿಡುತ್ತ, "ಇಸ್ಪೀಟಿಲ್ಲ, ಕುಡ್ತ ಇಲ್ಲ. ಅದ್ಕೇಯ ದೇವ್ರು ಇದೊಂದ ಗಂಟಾಕವ್ನೆ ಕಣಪ್ಪ" ಎಂದರು. ಮಂಗಳಮ್ಮ ಮೇಜಿನ ಹತ್ತಿರ ಬರುತ್ತಿದ್ದದ್ದು ಕಾಫಿ ಇಡಲು ಮತ್ತು ಧೂಳು ಒರೆಸಲು. ಒರೆಸಬೇಡ ಎಂದು ಇವರು ಕೂಗುವುದು, ಒರೆಸದಿದ್ದರೆ ಮನೆ ಹಾಳಾಗುತ್ತದೆ ಎಂದು ಅವರು ಕೂಗುವುದು ದಿನವೂ ನಡೆಯುತ್ತಿತ್ತು.

ಹಠದಲ್ಲಿ ಈ ಮನುಷ್ಯನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ವಿಮಾನದ ಬೆನ್ನ ಮೇಲೆ ರೇಡಿಯೋ ತಂತಿಯೊಂದು ಬರಬೇಕಿತ್ತು. ಮೀನಿನ ಗಾಳದ ದಾರ ತಂದೆವು, ದಪ್ಪವಾಯಿತು. ನನ್ನ ಹೆಂಡತಿಯ ತಲೆಗೂದಲು ತಂದೆ. ಅಳೆದು, "ನಿಮ್ಮನೇವ್ರ್ ಕೂದ್ಲು ಇಮಾನದ ಮೇಲೆ ಅಗ್ಗದಷ್ಟು ದಪ್ಪ ಆಯ್ತದೆ" ಎಂದು ಹಿಂದಿರುಗಿಸಿದರು. ನಾನು ಮನೆಯಲ್ಲಿ ಇದನ್ನು ಹೊಗಳಿಕೆಯಾಗಿಯೇ ತಿಳಿಸಿದೆ. ಕೊನೆಗೆ ಒಂದು ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು, "ಸಂತೆಮರಹಳ್ಳಿಗೆ ಓಗನ ನಡಿ" ಎಂದರು.

ಅಲ್ಲಿ ಪರಿಚಯದವರೊಬ್ಬರು ರೇಷ್ಮೆ ನೂಲು ಬಿಚ್ಚುವ ಕಡೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು. ಹಲವು ಗೂಡುಗಳ ಎಳೆ ಸೇರಿಸಿದರೆ ಒಂದು ನೂಲು. ಗುರುಮಲ್ಲಪ್ಪನವರು ಎರಡೇ ಗೂಡಿನ ಎಳೆ ಬೇಕೆಂದರು. ತೊಟ್ಟಿಯ ಮುಂದೆ ಕೂತಿದ್ದ ಹೆಂಗಸು ಕೈ ನಿಲ್ಲಿಸಿ, "ಎರಡೆಳೇಲಿ ಯಾರ್ಗೆ ಸೀರೆ ನೇಯ್ತೀರಿ?" ಎಂದು ನಕ್ಕಳು. ಆದರೂ ಎರಡೆಳೆ ಹುಡುಕಿ ಅವರ ಬೆರಳಿಗೆ ಕೊಟ್ಟಳು. ಅವರು ಅದನ್ನು ಹಿಡಿದು ಅಂಗಳದ ಉದ್ದಕ್ಕೂ ಹಿಂದೆ ಹಿಂದೆ ನಡೆದರು. ಬಿಸಿಲು ಬಿದ್ದಾಗ ಮಾತ್ರ ಎಳೆ ಕಾಣುತ್ತಿತ್ತು, ಮಿಕ್ಕ ಹೊತ್ತು ಒಬ್ಬ ಮುದುಕ ಬರಿಗೈಯನ್ನು ಮುಂದೆ ಚಾಚಿ ಹಿಂದಕ್ಕೆ ನಡೆಯುತ್ತಿದ್ದ. ಕೆಲಸದವರೆಲ್ಲ ಎದ್ದು ಬಂದು ನೋಡಿದರು. ರಟ್ಟಿಗೆ ಸುತ್ತಿ ಜೇಬಿಗಿಟ್ಟುಕೊಂಡವರು ಗುಂಡ್ಲುಪೇಟೆ ಬರುವ ತನಕ ನನ್ನ ಬೆನ್ನ ಹಿಂದೆ ಶಿಳ್ಳೆ ಹಾಕುತ್ತಲೇ ಇದ್ದರು.

ಈ ಹಠದ ಹಿಂದಿನ ಸಂಕಟ ನನಗೆ ಗೊತ್ತಾದದ್ದು ನನ್ನ ಬಾಯಿಂದ ಒಂದು ಮಾತು ಜಾರಿದ ಮೇಲೆ. ದಾರಿಯಲ್ಲಿ ಕೆಟ್ಟು ನಿಂತ ಟೆಂಪೋ ಒಂದನ್ನು ನೋಡಿ, ಎಲ್ಲರೂ ಅನ್ನುವಂತೆ ನಾನೂ "ಡಕೋಟಾ ಗಾಡಿ" ಎಂದೆ. ಅವರ ಮುಖ ಕಪ್ಪಿಟ್ಟಿತು. "ಅಂಗನ್ಬೇಡ" ಎಂದರು. ಅವರು ವರ್ಷಾನುಗಟ್ಟಲೆ ನೋಡಿಕೊಂಡ ವಿಮಾನವೊಂದಿತ್ತಂತೆ. ಬೆಟ್ಟದ ನೆತ್ತಿಯ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಹೊತ್ತದ್ದು, ಒಮ್ಮೆಯೂ ಹೋದಲ್ಲಿ ಉಳಿಯದೆ ಬಂದದ್ದು. ವಯಸ್ಸಾಯಿತೆಂದು ಒಂದು ದಿನ ಅದನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಗುಜರಿಯ ಲಾರಿಗೆ ತುಂಬಿದರು. ಇವರು ನಿಂತು ನೋಡಿದರು. "ಅದು ಎಲ್ಲಾರ ಒಂದ್ಕಡೆ ನಿಂತ್ಕಬೇಕು ಕಣ್ಲಾ. ನಮ್ ಮನೇಲಲ್ಲ. ಓಗೋರು ಬರೋರು ನೋಡೋ ಕಡೆ" ಎಂದರು.

ಆ ಕಡೆ ಯಾವುದೆಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಚಾಮರಾಜನಗರದಲ್ಲಿ ಹೊಸದಾಗಿ ತೆರೆದ ವಿಜ್ಞಾನ ಭವನದವರು ದಸರೆ ಮುಗಿದ ಕೂಡಲೇ ಮಾದರಿಗಳ ಸ್ಪರ್ಧೆ ಇಟ್ಟಿದ್ದರು. ಗೆದ್ದ ಮಾದರಿಗೆ ಭವನದ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಾಯಂ ಜಾಗ. ಗುರುಮಲ್ಲಪ್ಪನವರ ಕೈ ಆಗಲೇ ಬೆಳಗಿನ ಹೊತ್ತು ಸ್ವಲ್ಪ ನಡುಗುತ್ತಿತ್ತು. ಮುಂದಿನ ವರ್ಷದ ಮಾತನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಆಯುಧಪೂಜೆಯ ದಿನ ವಿಮಾನ ಬೆಳ್ಳಿ ಬಣ್ಣ ಹೊಡೆಸಿಕೊಂಡು ಸಿದ್ಧವಾಗಿತ್ತು. ನಾವಿಬ್ಬರೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಹೆಸರು ಬರೆಸಿ ಮಧ್ಯಾಹ್ನ ಹಿಂದಿರುಗಿದೆವು. ಮನೆಯ ಮುಂದೆ ನಾನು ಬಿಟ್ಟುಹೋಗಿದ್ದ ಸ್ಕೂಟರಿಗೆ ಹಾರ, ಒಳಗೆ ಹೊಲಿಗೆ ಮೆಷಿನ್ನಿಗೆ, ಮಿಕ್ಸಿಗೆ, ಈಳಿಗೆಮಣೆಗೆ, ಇಕ್ಕಳ ಸುತ್ತಿಗೆಗಳಿಗೆಲ್ಲ ವಿಭೂತಿ, ಕುಂಕುಮ. ಅವುಗಳ ನಡುವೆ ಡಕೋಟಾ. ಮೂತಿಯ ತುಂಬ ಒದ್ದೆ ಅರಿಶಿನ, ಅದರ ಮೇಲೆ ಹೆಬ್ಬೆರಳಗಲ ಕುಂಕುಮ. ಎರಡು ಎಂಜಿನ್ನಿನ ಮೇಲೂ ಒಂದೊಂದು ಚೆಂಡುಹೂವು. ಹೂವು ಎಂಜಿನ್ನಿಗಿಂತ ದೊಡ್ಡದಾಗಿತ್ತು.

ಗುರುಮಲ್ಲಪ್ಪನವರು ಹೊಸಿಲ ಮೇಲೆಯೇ ಕೂತುಬಿಟ್ಟರು.

"ಯಾಕೆ, ಏನಾಯ್ತು?" ಎಂದು ಮಂಗಳಮ್ಮ ಬಂದರು. ನಮ್ಮ ಮುಖ ನೋಡಿ ಗಾಬರಿಯಾದರು. "ಅಲ್ಲಾ, ಇಕ್ಕಳ ಸುತ್ತಿಗೆಗೆಲ್ಲ ಮಾಡ್ಬುಟ್ಟು ಅದೊಂದ್ಕೆ ಬುಟ್ರೆ, ಅದೇನ್ ಪಾಪ ಮಾಡಿತ್ತು? ನಾಳಿದ್ದು ಪರೀಕ್ಷೆಗೋಗ ಇಮಾನ ಅದು!"

ನಾನು ಹತ್ತಿ ಒದ್ದೆ ಮಾಡಿ ಒರೆಸಿದೆ. ಕುಂಕುಮ ಸ್ವಲ್ಪ ಬಂತು. ಅರಿಶಿನ ಮಾತ್ರ ಬಣ್ಣದೊಳಕ್ಕೇ ಇಳಿದು ಕೂತಿತ್ತು. ಪೂರ್ತಿ ಕೆರೆದು ಮತ್ತೆ ಬಣ್ಣ ಹೊಡೆಯಬೇಕೆಂದರೆ, ಮೂತಿಯ ಮೇಲೆ ಅವರು ಒಂದೊಂದಾಗಿ ಎಬ್ಬಿಸಿದ್ದ ರಿವೆಟ್ಟುಗಳೆಲ್ಲ ಹೋಗುತ್ತಿದ್ದವು. ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮಂಗಳಮ್ಮ ಗೋಡೆಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಗುರುಮಲ್ಲಪ್ಪನವರು ಎದ್ದು ಬಂದು, ಭೂತಗನ್ನಡಿ ಹಿಡಿದು ಆ ಕಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಮನುಷ್ಯ ನಗುತ್ತಿದ್ದ.

"ಇವ್ಳು ತಪ್ಪು ಮಾಡಿಲ್ಲ ಕಣ್ಲಾ. ಅಳತೆ ತಪ್ಪವ್ಳೆ. ನಲವತ್ತೆಂಟು ಪಟ್ಟು ದೊಡ್ಡ ಪೂಜೆ ಮಾಡ್ಬುಟ್ಟವ್ಳೆ!"

ವಾಯುಪಡೆಯಲ್ಲಿಯೂ ಆಯುಧಪೂಜೆಯ ದಿನ ಅವರು ವಿಮಾನದ ಮೂತಿಗೆ ವಿಭೂತಿ ಕುಂಕುಮ ಇಟ್ಟು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತಿದ್ದರಂತೆ. ಪಂಜಾಬಿನವರು, ಬಂಗಾಳದವರು ಎಲ್ಲರೂ ಸಾಲಾಗಿ ನಿಂತು ಪ್ರಸಾದ ತಿನ್ನುತ್ತಿದ್ದರಂತೆ. "ಆ ದಿನದ ಇಮಾನವೇ ಮಾಡನ. ಮಂಗ್ಳೀ, ಅಡ್ಗೆಮನೆ ಡಬ್ಬಿಯೆಲ್ಲ ತಕ್ಕಬಾ" ಎಂದು ಕೂಗಿದರು.

ಮಾರನೆಯ ದಿನವಿಡೀ ಆ ಮನೆಯಲ್ಲಿ ನಡೆದ ಕೆಲಸವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಲೆಯ ಅಂಚಿನಿಂದ, ರಿವೆಟ್ಟು ಮುಚ್ಚಿಹೋಗದಷ್ಟು ತೆಳುವಾಗಿ, ಬೆಳ್ಳಿ ಬಣ್ಣ ಹಚ್ಚುತ್ತ ಹಚ್ಚುತ್ತ ಬಂದು, ನಡುವೆ ಗುಂಡುಸೂಜಿಯ ತಲೆಯಷ್ಟು ಕುಂಕುಮ ಉಳಿಸಿದರು. ಅದರ ಹಿಂದೆ ಕೂದಲೆಳೆಯಂಥ ಮೂರು ಗೆರೆ ವಿಭೂತಿ. ಚಕ್ರದಡಿಯ ನಿಂಬೆಹಣ್ಣು ಬಿಳಿ ಸಾಸಿವೆ. ಬೂದುಗುಂಬಳಕ್ಕೆ ಒಣ ಬಟಾಣಿ, ಮೇಲೆ ಬೂದಿಯಾಗಿ ನಿಜವಾದ ವಿಭೂತಿ. ಅದನ್ನು ಎರಡು ಹೋಳು ಮಾಡಿ ಕುಂಕುಮ ತುಂಬಿದರು. ಹಾರಕ್ಕೆ ಗಸಗಸೆ. ಅರ್ಧಕ್ಕೆ ಅರಿಶಿನ, ಅರ್ಧಕ್ಕೆ ಕೇಸರಿ ಬಣ್ಣ. ಅಂಟು ಸವರಿದ ಸಂತೆಮರಹಳ್ಳಿಯ ರೇಷ್ಮೆ ಎಳೆಯ ಮೇಲೆ ಕಾಳು ಕಾಳಾಗಿ ಕೂರಿಸಬೇಕು. ಗುರುಮಲ್ಲಪ್ಪನವರ ಕೈ ನಡುಗಿತು. ಮತ್ತೆ ಹಿಡಿದರು, ಮತ್ತೆ ನಡುಗಿತು.

"ಸರ್ಕಳಿ ಅತ್ಲಾಗೆ" ಎಂದರು ಮಂಗಳಮ್ಮ. ಚೆಂಡುಹೂವಿನ ತೋಟಗಳ ಊರಿನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಿನಿಂದ ಹಾರ ಕಟ್ಟಿದ ಬೆರಳುಗಳು. ಕನ್ನಡಕ ಏರಿಸಿ, ಒದ್ದೆ ಸೂಜಿಯ ತುದಿಯಲ್ಲಿ ಕಾಳು ಎತ್ತಿ ಎತ್ತಿ ಕೂರಿಸಿದರು. ನಾಲ್ಕು ಹಳದಿ, ಒಂದು ಕೇಸರಿ, ಮತ್ತೆ ನಾಲ್ಕು ಹಳದಿ. ಪಕ್ಕದಲ್ಲಿ ಗುರುಮಲ್ಲಪ್ಪನವರು ಉಸಿರು ಬಿಗಿಹಿಡಿದು ಭೂತಗನ್ನಡಿ ಹಿಡಿದಿದ್ದರು. "ಕನ್ನಡಿ ಅಲ್ಲಾಡುಸ್ಬೇಡಿ" ಎಂದು ಬೈಸಿಕೊಂಡರು. ಅಷ್ಟು ಸುಖವಾಗಿ ಬೈಸಿಕೊಂಡವರನ್ನು ನಾನು ನೋಡಿಲ್ಲ.

ಸ್ಪರ್ಧೆಗೆ ಬಂದವರೇನು ಸಾಮಾನ್ಯರಲ್ಲ. ಮೈಸೂರಿನ ದಂತವೈದ್ಯರೊಬ್ಬರು ಹಾಯಿಹಡಗು ತಂದಿದ್ದರು, ಅದರ ಹಗ್ಗಗಳನ್ನು ನಾನೇ ಎರಡು ಸಲ ಹೋಗಿ ನೋಡಿ ಬಂದೆ. ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಪೈಲಟ್. ಅವರು ಡಕೋಟಾದ ಎಂಜಿನ್ ನೋಡಿದರು, ರೇಡಿಯೋ ತಂತಿ ನೋಡಿ ಹುಬ್ಬೇರಿಸಿದರು, ಮೂತಿಯ ಹತ್ತಿರ ಬಂದರು. ಕೆಳಗಿನ ಕುಂಬಳಕಾಯಿ ಕಂಡದ್ದೇ ಮೊಣಕಾಲೂರಿ ಕೂತುಬಿಟ್ಟರು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಇದನ್ನ ಒಡೆದ ಮೇಲೆಯೇ ನಾವು ಹತ್ತುತ್ತಿದ್ದದ್ದು. ಈ ಹಾರ ಯಾವ ಕಂಪನಿಯದು?" ಎಂದು ಕೇಳಿದರು.

"ನಮ್ಮನೇವ್ರದು" ಎಂದರು ಗುರುಮಲ್ಲಪ್ಪ.

ಗೆದ್ದೆವು. ಹೆಸರು ಕೂಗಿದಾಗ ನಾನು ಮಾಡಿದ ಗಲಾಟೆಗೆ ದಂತವೈದ್ಯರೂ ನಕ್ಕು ಕೈ ಕುಲುಕಿದರು. ಗುರುಮಲ್ಲಪ್ಪನವರು ಮಾತ್ರ ವೇದಿಕೆಗೆ ಹೋಗದೆ ಜನರ ನಡುವೆ ಹೆಂಡತಿ ಎಲ್ಲಿದ್ದಾರೆಂದು ಹುಡುಕುತ್ತಿದ್ದರು.

ವಿಮಾನವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವ ದಿನವೂ ಮೂವರೂ ಹೋದೆವು. ಭವನದ ಮೇಲ್ವಿಚಾರಕಿ, ಕಾರ್ಡಿನ ಮೇಲೆ ಏನು ಹಾಕಬೇಕೆಂದು ಕೇಳಿದಳು. "ತಯಾರಿ: ಗುರುಮಲ್ಲಪ್ಪ, ಗುಂಡ್ಲುಪೇಟೆ" ಎಂದು ಬರೆದುಕೊಂಡಳು.

"ಅದ್ರ ಕೆಳ್ಗೆ ಇನ್ನೊಂದ್ ಸಾಲು ಆಕಮ್ಮಿ. ಪೂಜೆ: ಮಂಗಳಮ್ಮ."

"ಸಾರ್, ಕಾರ್ಡಲ್ಲಿ ಹಾಗೆಲ್ಲ ಹಾಕೋ ಪದ್ಧತಿ ಇಲ್ಲ."

"ಅಂಗಾದ್ರೆ ಇಮಾನ ವಾಪಸ್ ಕೊಡು. ನಮ್ ಅಟ್ಟದ ಮೇಲೇ ನಿಂತ್ಕತ್ತದೆ."

ನಾನು ಅವರ ತೋಳು ಹಿಡಿದೆ. ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡು ಕಾದ ಜಾಗವನ್ನು ಒಂದು ಸಾಲಿಗೋಸ್ಕರ ಒದೆಯಲು ಹೊರಟಿದ್ದರು, ಅದೂ ತಮಾಷೆಗಲ್ಲ. ಆಕೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಎರಡು ಸಾಲಿನ ಕಾರ್ಡು ಬಂತು. ಮಂಗಳಮ್ಮ ಅದನ್ನು ಬೆರಳಿಟ್ಟು ಓದಿ, "ನಾಚ್ಕೆ ಅನ್ನದು ಒಂಚೂರೂ ಇಲ್ಲ ಈ ಮನುಷ್ಯಂಗೆ" ಎಂದು ಆ ಕಡೆ ತಿರುಗಿಕೊಂಡರು. ಬಸ್ ನಿಲ್ದಾಣದ ತನಕ ಆ ಕಡೆಯೇ ತಿರುಗಿಕೊಂಡು ನಡೆದರು.

ಗುರುಮಲ್ಲಪ್ಪನವರ ಜೊತೆ ನಾನು ಪೂರ್ತಿ ಒಂದು ದಿನ ಕಳೆದದ್ದು ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ಹೋದರು. ಚಾಮರಾಜನಗರಕ್ಕೆ ಕೆಲಸ ಬಿದ್ದಾಗಲೆಲ್ಲ ನಾನು ಭವನಕ್ಕೆ ಹೋಗಿ ಗಾಜಿನ ಮುಂದೆ ನಿಂತು ಬರುತ್ತೇನೆ. ಕಳೆದ ಸಲ ಹೋದಾಗ ಹರದನಹಳ್ಳಿ ಕಡೆಯ ಗಂಡ ಹೆಂಡತಿ ಅಲ್ಲಿ ನಿಂತಿದ್ದರು. ಗಂಡ ಕಾರ್ಡನ್ನು ಜೋರಾಗಿ ಓದಿ, ಎರಡನೇ ಸಾಲಿಗೆ ಬಂದು ನಕ್ಕ.

"ನಗ್ತೀಯಲ್ಲ" ಎಂದಳು ಹೆಂಡತಿ. "ನನ್ನೆಸ್ರ ಎಲ್ಲಾರ ಒಂದ್ಕಡೆ ಆಕ್ಸಿದ್ದೀಯಾ ನೀನು?"

ಅವನು ಕಾರ್ಡನ್ನು ಇನ್ನೊಮ್ಮೆ ಓದಿದ, ಈ ಸಲ ನಗದೆ.